ಹಾಲ್ ಕೇಳಿದರು, ಜಗಲಿ ಕಟ್ಟಿದೆವು: ಮಡಿಕೇರಿಯ ಒಂದು ಇಳಿಜಾರು ಸೈಟಿನ ಪ್ರಕರಣ

ಮಡಿಕೇರಿಯಲ್ಲಿ ಸಪಾಟು ಜಾಗ ಅಂತ ಇರುವುದೇ ಕಡಿಮೆ. ಯಾರೋ ಕಡಿದು ಮಾಡಿದ್ದೇ ಸಪಾಟು. ಹಾಗಾಗಿ ಇಲ್ಲಿ ಯಾವ ಕಟ್ಟಡದ ಕಥೆಗೂ ಮೊದಲ ಪಾತ್ರ ಜೆಸಿಬಿ. ನಾನು ಆ ಸೈಟಿಗೆ ಮೊದಲ ಸಲ ಹೋದ ದಿನವೂ ಅದು ಆಗಲೇ ಬಂದು ನಿಂತಿತ್ತು. ಡ್ರೈವರ್ ಅದರ ಬಕೆಟ್ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಿದ್ದ. "ಮೇಡಂ, ಎರಡು ದಿನದ ಕೆಲಸ ಅಷ್ಟೇ, ಫ್ಲಾಟ್ ಮಾಡಿ ಕೊಡ್ತೇನೆ" ಅಂದ.

ಸೈಟು 40ಕ್ಕೆ 60 ಅಡಿ. ಪೇಟೆಯ ಅಂಚಿನ ಒಂದು ಹಳೇ ಕಾಲೊನಿಯದ್ದು. ಮೇಲೊಂದು ರಸ್ತೆ, ಕೆಳಗೊಂದು ರಸ್ತೆ, ನಡುವೆ 11 ಅಡಿ ಇಳಿಜಾರು. ಮೇಲಿನ ರಸ್ತೆಯಲ್ಲಿ ಹೋದರೆ ಸಂತೆ, ಬಸ್‌ಸ್ಟ್ಯಾಂಡ್. ಕೆಳಗಿನದು ಕಾಲೊನಿಯ ಒಳಗೆ ಇಳಿಯುತ್ತದೆ. ಅಲ್ಲಿರುವವರು ಪೌರಕಾರ್ಮಿಕರು, ತೋಟಕ್ಕೆ ಕೂಲಿಗೆ ಹೋಗುವವರು, ಗಾರೆ ಕೆಲಸದವರು, ಹೋಂಸ್ಟೇಗಳಲ್ಲಿ ಬೆಡ್‌ಶೀಟ್ ಒಗೆಯುವ ಹೆಂಗಸರು. ಇತ್ತೀಚೆಗೆ ಅಸ್ಸಾಂ ಕಡೆಯ ಹುಡುಗರು ಬಾಡಿಗೆಗೆ ಬಂದಿದ್ದಾರೆ. ಒಂದು ನಲ್ಲಿಯ ಮುಂದೆ ಹತ್ತು ನಿಮಿಷ ನಿಂತರೆ ಕನ್ನಡ, ಮಲಯಾಳ, ತಮಿಳು, ತುಳು, ಅರೆಭಾಷೆ ಎಲ್ಲ ಕೇಳುತ್ತದೆ. ಆದರೆ ಇವರೆಲ್ಲ ಒಟ್ಟಿಗೆ ಕೂರುವ ಜಾಗ ಆ ನಲ್ಲಿ ಬಿಟ್ಟರೆ ಬೇರೆ ಇರಲಿಲ್ಲ.

ಕಾಲೊನಿಯ ಸಮಿತಿ ಕೇಳಿದ್ದು ಸಮುದಾಯ ಭವನ. ಸ್ವಲ್ಪ ಸರ್ಕಾರಿ ಅನುದಾನ, ಉಳಿದದ್ದು ದಾನಿಗಳದ್ದು. ನಕ್ಷೆ ಆಗಲೇ ತಯಾರಿತ್ತು. ಸೈಟು ಪೂರ್ತಿ ಕೆಳಗಿನ ರಸ್ತೆಯ ಮಟ್ಟಕ್ಕೆ ಕಡಿಯುವುದು, ಮೇಲಿನ ರಸ್ತೆಯ ಬದಿಗೆ 11 ಅಡಿ ತಡೆಗೋಡೆ, ನಡುವೆ ಒಂದು ದೊಡ್ಡ ಹಾಲ್, ಒಂದು ಸ್ಟೇಜು, ಹಿಂದೆ ಎರಡು ಶೌಚಾಲಯ, ಮುಂದೆ ರೋಲಿಂಗ್ ಶಟರ್. ಇಂಥ ಹಾಲ್ ನೀವೂ ನೋಡಿರುತ್ತೀರಿ. ತಿಂಗಳಿಗೆ ಎರಡು ದಿನ ತೆಗೆಯುತ್ತಾರೆ, ಉಳಿದ 28 ದಿನ ಶಟರ್ ಮುಂದೆ ನಾಯಿ ಮಲಗಿರುತ್ತದೆ.

ಕಟ್ಟಡದ ನಕ್ಷೆ ಬರೆಯುವುದು ನನ್ನ ಕೆಲಸ. ಆದರೆ ನನ್ನನ್ನು ಕರೆದದ್ದು ಹೊಸ ನಕ್ಷೆಗಲ್ಲ, ಆ ನಕ್ಷೆಗೆ ಸಹಿ ಹಾಕಲು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮಣ್ಣಿನ ಲೆಕ್ಕ

ಸಹಿ ಹಾಕದೆ ನಾನು ಮಾಡಿದ ಮೊದಲ ಕೆಲಸ ಒಂದು ಸುಲಭ ಗುಣಾಕಾರ. ಒಂದು ಬದಿ 11 ಅಡಿ, ಇನ್ನೊಂದು ಬದಿ ಸೊನ್ನೆ, ಸರಾಸರಿ ಐದೂವರೆ. ಅದನ್ನು 40 ಮತ್ತು 60ರಿಂದ ಗುಣಿಸಿ. 13,200 ಘನ ಅಡಿ ಮಣ್ಣು. ಒಂದು ಟಿಪ್ಪರಿಗೆ 200 ಘನ ಅಡಿ ಅಂತ ಹಿಡಿದರೂ 66 ಲೋಡು. ಅಗೆದ ಮಣ್ಣು ಸಡಿಲಾಗಿ ಉಬ್ಬುವುದರಿಂದ ನಿಜಕ್ಕೆ ಇನ್ನೂ ಜಾಸ್ತಿ.

"ಈ ಮಣ್ಣು ಎಲ್ಲಿಗೆ ಹೋಗ್ತದೆ?" ಅಂತ ಕೇಳಿದೆ. ಸಮಿತಿಯವರು ಕಂಟ್ರಾಕ್ಟರ್ ಮುಖ ನೋಡಿದರು. ಕಂಟ್ರಾಕ್ಟರ್ ಕೈಯನ್ನು ಕಣಿವೆ ಕಡೆ ಒಮ್ಮೆ ಬೀಸಿದರು. ಅಷ್ಟೇ ಉತ್ತರ.

2018ರ ಆಗಸ್ಟಿನ ಭೂಕುಸಿತ ನೋಡಿದವರಿಗೆ ಆ ಕೈಬೀಸು ಸಾಕು. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಎಂಬ ಹೆಸರುಗಳು ಆ ವಾರ ಇಡೀ ರಾಜ್ಯಕ್ಕೆ ಗೊತ್ತಾದವು. ಮಡಿಕೇರಿ ಪೇಟೆಯೊಳಗೇ ಮನೆಗಳು ಜಾರಿದವು. ಮರುವರ್ಷ ವಿರಾಜಪೇಟೆ ಕಡೆಯ ತೋರ, 2020ರಲ್ಲಿ ತಲಕಾವೇರಿಯ ಬೆಟ್ಟ. ಮಳೆ ವಿಪರೀತ ಬಂತು, ನಿಜ. ಆದರೆ ಮನೆಗೆ, ರಸ್ತೆಗೆ ಅಂತ ಇಳಿಜಾರನ್ನು ನೆಟ್ಟಗೆ ಕಡಿದು, ನೀರು ಹೋಗಲು ದಾರಿ ಬಿಡದೆ ಇದ್ದದ್ದೂ ಕಾರಣ ಅಂತ ಭೂವಿಜ್ಞಾನಿಗಳು ಆಗಲೇ ಹೇಳಿದ್ದಾರೆ. ನಮ್ಮ ಕಡೆ ಕಡಿದ ಮಣ್ಣಿನ ಗೋಡೆಗೆ 'ಬರೆ' ಅನ್ನುತ್ತೇವೆ. ಮಳೆಗಾಲದಲ್ಲಿ ಯಾರಿಗಾದರೂ ಫೋನ್ ಮಾಡಿದರೆ ಮೊದಲ ಪ್ರಶ್ನೆ "ಹೇಗಿದ್ದೀರಿ" ಅಲ್ಲ, "ಬರೆ ಜರಿಯಲಿಲ್ಲ ಅಲ್ವಾ?"

ಇನ್ನೂ ಒಂದು ವಿಷಯ. ಬರೆ ಜರಿದ ರಾತ್ರಿ ಜನರನ್ನು ಕರೆದುಕೊಂಡು ಹೋಗುವುದು ಶಾಲೆಗೆ, ಕಲ್ಯಾಣ ಮಂಟಪಕ್ಕೆ, ಸಮುದಾಯ ಭವನಕ್ಕೆ. ಅಂದರೆ ನಾವು ಕಟ್ಟುತ್ತಿರುವುದು ಮದುವೆ ಹಾಲ್ ಮಾತ್ರ ಅಲ್ಲ, ಮುಂದಿನ ಆಗಸ್ಟಿನ ಗಂಜಿ ಕೇಂದ್ರ. ಆ ಕೇಂದ್ರದ ಬೆನ್ನಿಗೇ 11 ಅಡಿ ಬರೆ ನಿಲ್ಲಿಸಿದರೆ ಹೇಗೆ? ಈ ಮಾತಿಗೆ ಸಮಿತಿಯ ಹಿರಿಯರೊಬ್ಬರು ಮೊದಲ ಸಲ ತಲೆ ಆಡಿಸಿದರು. ಜೆಸಿಬಿ ಆ ದಿನ ಹಾಗೇ ವಾಪಸ್ ಹೋಯಿತು. ಬಾಡಿಗೆ ಮಾತ್ರ ಕೊಡಬೇಕಾಯಿತು.

ಒಂದು ಶುಕ್ರವಾರ

ಮಡಿಕೇರಿ ಸಂತೆ ಶುಕ್ರವಾರ. ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಆ ಸೈಟಿನ ಮೇಲಿನ ರಸ್ತೆಯಲ್ಲಿ ಒಂದು ಅಂಗಡಿಯ ಕಟ್ಟೆ ಮೇಲೆ ಕೂತೆ. ಸರ್ವೇ ಫಾರಂ ಏನೂ ಇರಲಿಲ್ಲ, ಸುಮ್ನೆ ನೋಡಿದೆ. ಅಕ್ಟೋಬರ್ ಕೊನೆ, ಮಧ್ಯಾಹ್ನ ಒಂದು ಹಿಡಿ ಮಳೆ ಬಂತು.

ಮಳೆ ಬಂದ ಕೂಡಲೇ ರಸ್ತೆಯಲ್ಲಿದ್ದ ಇಪ್ಪತ್ತು ಜನ ಅಂಗಡಿಯ ಶೀಟಿನ ಕೆಳಗೆ ಸೇರಿದರು. ಅಂಗಡಿಯವನು ಬೈಯಲಿಲ್ಲ, ಆದರೆ ಮುಖ ಗಂಟು ಹಾಕಿದ. ಒಬ್ಬ ಅಜ್ಜಿ ತರಕಾರಿ ಚೀಲ ಕೆಳಗಿಟ್ಟು ನಿಂತೇ ಇದ್ದರು. ಕೂರಲು ಜಾಗ ಇಲ್ಲ. ಇಬ್ಬರು ಅಸ್ಸಾಂ ಹುಡುಗರು ಶೀಟಿನ ಕೆಳಗೆ ಜಾಗ ಇದ್ದರೂ ಬರದೆ ರಸ್ತೆಯಾಚೆ ಮರದ ಕೆಳಗೆ ನೆನೆಯುತ್ತಾ ನಿಂತರು. ಸೊಪ್ಪು ಮಾರಲು ಬಂದ ಹೆಂಗಸೊಬ್ಬರು ನನ್ನ ಹತ್ತಿರ ಮೆಲ್ಲಗೆ "ಇಲ್ಲಿ ಹತ್ತಿರ ಬಾತ್ರೂಮ್ ಎಲ್ಲಿದೆ ಅಕ್ಕ?" ಅಂತ ಕೇಳಿದರು. ನನಗೂ ಗೊತ್ತಿರಲಿಲ್ಲ. ಅವರು ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲವಂತೆ.

ಆ ದಿನ ನನಗೆ ಹೊಳೆದದ್ದು ಇಷ್ಟು. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಿದು. ಪಾರ್ಕು, ಮೈದಾನ, ಬೆಂಚು ಎಲ್ಲ ವರ್ಷದ ಮೂರನೇ ಒಂದು ಭಾಗ ನೀರಲ್ಲಿ. ಹಾಲ್ ಆದರೆ ಬೀಗ. ಯಾರನ್ನೂ ಕೇಳದೆ, ಯಾವ ನೆಪವೂ ಇಲ್ಲದೆ, ನೆನೆಯದೆ ಹತ್ತು ನಿಮಿಷ ಕೂರುವ ಜಾಗ ಬೇಕು. ಅದಕ್ಕೆ ನಮ್ಮಲ್ಲಿ ಹೆಸರು ಮೊದಲೇ ಇದೆ, ಜಗಲಿ.

ಕೊಡವರ ಐನ್‌ಮನೆಗಳನ್ನು, ಅಂದರೆ ಕುಟುಂಬದ ಹಿರಿಮನೆಗಳನ್ನು, ನೋಡಿದವರಿಗೆ ಕೈಯಾಲೆ ಗೊತ್ತು. ಮನೆಯ ಮುಂದಿನ ಉದ್ದ ಜಗಲಿ, ಕಂಬದಿಂದ ಕಂಬಕ್ಕೆ ದಪ್ಪ ಹಲಗೆ. ಆ ಹಲಗೆಗೆ ಐಮರ ಅನ್ನುತ್ತಾರೆ. ನೂರಾರು ವರ್ಷ ಕೂತು ಕೂತು ಕನ್ನಡಿಯಂತೆ ನುಣುಪಾಗಿರುತ್ತದೆ. ಮಳೆ ಎಷ್ಟೇ ಓರೆಯಾಗಿ ಹೊಡೆದರೂ ಐಮರ ನೆನೆಯುವುದಿಲ್ಲ, ಯಾಕೆಂದರೆ ಮಾಡು, ಅಂದರೆ ಚಾವಣಿ, ಅಷ್ಟು ಕೆಳಗೆ ಇಳಿದಿರುತ್ತದೆ. ಊರಿಗೊಂದು ಅಂಬಲ ಅಂತಲೂ ಇರುತ್ತಿತ್ತು, ಹಿರಿಯರು ಸೇರುವ ತೆರೆದ ಕಟ್ಟಡ. ಸುಗ್ಗಿ ಹಬ್ಬ ಪುತ್ತರಿಯ ಕೋಲಾಟಕ್ಕೆ ಮಂದ್ ಎಂಬ ಮೈದಾನ.

ಆದರೆ ಇದನ್ನೆಲ್ಲ ಹಾಗೇ ಎತ್ತಿ ತಂದು ಹೊಗಳುವುದು ನನಗೆ ಇಷ್ಟ ಇಲ್ಲ. ಐಮರದ ಮೇಲೆ ಹಿರಿಯರು ಕೂತಾಗ ಕೆಲಸದವರು ಅಂಗಳದಲ್ಲಿ ನಿಂತಿರುತ್ತಿದ್ದರು. ಯಾರು ಎಲ್ಲಿ ಕೂರಬೇಕು ಅನ್ನುವುದು ಜಗಲಿಯಲ್ಲೇ ಬರೆದಿತ್ತು. ಈಗ ಹೋಂಸ್ಟೇಗಳು ಐಮರದ ಫೋಟೋ ಹಾಕುತ್ತವೆ, ಅಂಗಳದ ಕಥೆ ಹಾಕುವುದಿಲ್ಲ. ನಮಗೆ ಬೇಕಾದದ್ದು ಆ ಮಾಡು ಮತ್ತು ಹಲಗೆ, ಆ ಸಾಲು ಅಲ್ಲ. ಹಾಗಾಗಿ ಒಂದೇ ಉದ್ದ ಹಲಗೆ ಬೇಡ ಅಂತ ಆಗಲೇ ತೀರ್ಮಾನಿಸಿದೆ. ಬೇರೆ ಬೇರೆ ಕಡೆ ಮುಖ ಮಾಡಿದ, ಬೇರೆ ಬೇರೆ ಎತ್ತರದ ತುಂಡು ತುಂಡು ಹಲಗೆ. ಒಂದು ರಸ್ತೆ ನೋಡಲಿ, ಒಂದು ಕಣಿವೆ ನೋಡಲಿ, ಒಂದು ಗೋಡೆಗೆ ಬೆನ್ನು ಕೊಡಲಿ.

ಎರಡು ರಸ್ತೆಯ ಉಪಾಯ

ಸಮಿತಿಯಲ್ಲಿ ಒಬ್ಬರ ಮಗನಿಗೆ ಗಾಲಿಕುರ್ಚಿ ಬೇಕು. ವಯಸ್ಸು 14. ಹಾಗಾಗಿ ರ‍್ಯಾಂಪ್ ಬೇಕೇ ಬೇಕು ಅನ್ನುವುದರಲ್ಲಿ ಜಗಳ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ಯಾರಿಗೂ ಓದಿ ಹೇಳಬೇಕಾಗಲಿಲ್ಲ. ಜಗಳ ಇದ್ದದ್ದು ಲೆಕ್ಕದಲ್ಲಿ. ಗಾಲಿಕುರ್ಚಿಯ ರ‍್ಯಾಂಪ್ ಒಂದಡಿ ಏರಲು 12 ಅಡಿ ಉದ್ದ ಬೇಕು. 11 ಅಡಿ ಏರಲು 132 ಅಡಿ, ನಡುವೆ ನಿಂತು ಉಸಿರು ತೆಗೆದುಕೊಳ್ಳುವ ಸಪಾಟು ಬೇರೆ. ಸೈಟು ಇರುವುದೇ 60 ಅಡಿ. ಹಳೇ ನಕ್ಷೆಯಲ್ಲಿ ಮೇಲಿನ ರಸ್ತೆಯಿಂದ ಇಳಿಯಲು 22 ಮೆಟ್ಟಿಲು ಇದ್ದವು. ಅದರ ಪಕ್ಕ ಚಿಕ್ಕದಾಗಿ 'ರ‍್ಯಾಂಪ್' ಅಂತ ಬರೆದಿತ್ತು. ಆ ಓರೆಯಲ್ಲಿ ಗಾಲಿಕುರ್ಚಿ ಬಿಟ್ಟರೆ ಅದು ನೇರ ಕಣಿವೆಗೆ.

ಬೆಟ್ಟದ ಊರಿಗೆ ಒಂದು ಅನುಕೂಲ ಇದೆ, ನಾವು ಅದನ್ನು ಮರೆತಿರುತ್ತೇವೆ. ಸಪಾಟು ಊರಿನಲ್ಲಿ ಮಹಡಿಗೆ ಹೋಗಲು ಲಿಫ್ಟ್ ಬೇಕು. ಇಲ್ಲಿ ಮಹಡಿಗೂ ಒಂದು ರಸ್ತೆ ಇರುತ್ತದೆ. ಮೇಲಿನ ಅಂತಸ್ತಿನ ನೆಲವನ್ನು ಮೇಲಿನ ರಸ್ತೆಗಿಂತ ಅರ್ಧ ಅಡಿ ಎತ್ತರಕ್ಕೆ ಇಟ್ಟೆವು. ಅದಕ್ಕೆ 6 ಅಡಿ ರ‍್ಯಾಂಪ್ ಸಾಕು. ಕೆಳಗಿನ ಕೋಣೆಯ ನೆಲ ಕೆಳಗಿನ ರಸ್ತೆಗಿಂತ ಒಂದಡಿ ಎತ್ತರ, ಅದಕ್ಕೆ 12 ಅಡಿ. ನಡುವೆ ಹತ್ತೂವರೆ ಅಡಿ, ಸರಿಯಾಗಿ ಒಂದು ಅಂತಸ್ತು. ಇಳಿಜಾರನ್ನು ಕಡಿಯದೆ ಅದರ ಮೇಲೆ ಕಂಬ ನಿಲ್ಲಿಸಿ ಹಾಲ್, ಜಗಲಿ ಎರಡಕ್ಕೂ ಮೇಲಿನ ನೆಲ ಹಾಕಿದೆವು. ಕೆಳಗಿನ ಕೋಣೆ ಸೈಟಿನ ಕೆಳ ತುದಿಯಲ್ಲಿ, ಮೇಲಿನ ನೆಲದ ಅಡಿಗೆ. ಅದಕ್ಕೆ ಮಾತ್ರ ಮಣ್ಣು ತೆಗೆದದ್ದು, ಎಲ್ಲೂ 3 ಅಡಿ ದಾಟಲಿಲ್ಲ. 66 ಲೋಡಿನ ಜಾಗದಲ್ಲಿ ಮೂರು ಲೋಡು. ಜೆಸಿಬಿ ಬರಲೇ ಇಲ್ಲ, ನಾಲ್ಕು ಜನ ಗುದ್ದಲಿಯಲ್ಲೇ ಮುಗಿಸಿದರು.

ಆ ಮೂರು ಲೋಡೂ ಸೈಟು ಬಿಟ್ಟು ಹೋಗಲಿಲ್ಲ, ಇಟ್ಟಿಗೆ ಆಯಿತು. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತುವ ಬ್ಲಾಕ್ ನಿಮಗೆ ಗೊತ್ತಿರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಎಂಬ ವಿಭಾಗ ಇದರ ಮೇಲೆ ಬಹಳ ಕೆಲಸ ಮಾಡಿದೆ. ಸುಡುವ ಕೆಲಸ ಇಲ್ಲ, ಹಾಗಾಗಿ ಸೌದೆಯೂ ಬೇಡ. ಆದರೆ ಕೊಡಗಿನಲ್ಲಿ ಎರಡು ತೊಂದರೆ. ಒಂದು, ನಮ್ಮ ಕೆಂಪು ಮಣ್ಣಿನಲ್ಲಿ ಜೇಡಿ ಜಾಸ್ತಿ. ಮೇಸ್ತ್ರಿ ಒಂದು ಹಾರ್ಲಿಕ್ಸ್ ಬಾಟಲಿಗೆ ಮಣ್ಣು, ನೀರು ಹಾಕಿ ಕುಲುಕಿ ಕಿಟಕಿಯಲ್ಲಿ ಇಟ್ಟರು. ಮರುದಿನ ನೋಡಿದರೆ ಮರಳು ಕೆಳಗೆ ಎರಡು ಬೆರಳು, ಮೇಲೆ ಜೇಡಿ ನಾಲ್ಕು ಬೆರಳು. ಕ್ರಷರ್ ಪುಡಿ ಬೆರೆಸಬೇಕಾಯಿತು. ಎರಡು, ಬ್ಲಾಕ್ ಒತ್ತಿದ ಮೇಲೆ ಮೂರು ವಾರ ನೀರು ಹೊಡೆದು, ಆಮೇಲೆ ಒಣಗಿಸಬೇಕು. ಜನವರಿಯಿಂದ ಏಪ್ರಿಲ್ ಬಿಟ್ಟರೆ ಇಲ್ಲಿ ಒಣಗುವುದು ಅಂದರೆ ಏನು ಅಂತಲೇ ಗೊತ್ತಿಲ್ಲ. ಏಪ್ರಿಲ್ ಎರಡನೇ ವಾರ ಬಂದ ಒಂದು ಆಲಿಕಲ್ಲು ಮಳೆಗೆ ಮುಚ್ಚದೆ ಇಟ್ಟಿದ್ದ ಒಂದು ಸಾಲು ಬ್ಲಾಕ್ ಅಂಚು ಕರಗಿ ಬನ್ನಿನ ಹಾಗಾಯಿತು. ಅವನ್ನು ಒಳಗೋಡೆಗೆ ಹಾಕಿದೆವು. ಈಗಲೂ ನೋಡಿದರೆ ಗೊತ್ತಾಗುತ್ತದೆ.

ಮಾಡಿಗೆ ಹಳೇ ಮಂಗಳೂರು ಹೆಂಚು. ಪೇಟೆಯಲ್ಲಿ ಹಳೇ ಮನೆ ಒಡೆದಾಗಲೆಲ್ಲ ಹೆಂಚು ರಾಶಿ ಬೀಳುತ್ತದೆ. 100 ಚದರ ಅಡಿಗೆ ಸುಮಾರು 150 ಹೆಂಚು ಬೇಕು. 30ಕ್ಕೆ 50 ಅಡಿಯ ಮಾಡು, ಓರೆ ಸೇರಿಸಿದರೆ ಎರಡೂವರೆ ಸಾವಿರಕ್ಕೂ ಜಾಸ್ತಿ. ನಾಲ್ಕು ಮನೆಯ ಹೆಂಚು ಒಟ್ಟು ಮಾಡಿದೆವು. ಒಂದೊಂದು ಫ್ಯಾಕ್ಟರಿಯ ಹೆಂಚಿನ ಕೊಂಡಿ ಒಂದೊಂದು ಥರ, ಬೆರೆಸಿದರೆ ಸೋರುತ್ತದೆ. ಅದಕ್ಕೆ ಮಾಡಿನ ಒಂದೊಂದು ಮಗ್ಗುಲಿಗೆ ಒಂದೊಂದು ಮುದ್ರೆಯ ಹೆಂಚು. ಇದು ಹೊದಿಸುವವರು ಹೇಳಿಕೊಟ್ಟ ಪಾಠ, ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ.

ನೀರು ಇಂಗಿಸಬೇಡಿ

ಮಳೆನೀರಿನ ವಿಷಯದಲ್ಲಿ ನಾನು ಸ್ವಲ್ಪ ಒರಟಾಗಿ ಮಾತಾಡಬೇಕಾಯಿತು. ದಾನಿಗಳಲ್ಲಿ ಒಬ್ಬರಿಗೆ ಇಂಗುಗುಂಡಿ ಬೇಕಿತ್ತು. ಬಯಲುಸೀಮೆಯಲ್ಲಿ ಅದು ಪುಣ್ಯದ ಕೆಲಸ. ಇಲ್ಲಿ, ಕಡಿದಾದ ಇಳಿಜಾರಿನ ನೆತ್ತಿಯಲ್ಲಿ, ನಾಲ್ಕು ತಿಂಗಳು ಎಡೆಬಿಡದೆ ಹೊಯ್ಯುವ ನೀರನ್ನು ಒಂದೇ ಗುಂಡಿಗೆ ಬಿಟ್ಟರೆ ಆ ನೀರು ಮಣ್ಣಿನ ಒಳಗೆ ಭಾರ ಆಗಿ, ಒತ್ತಡ ಆಗಿ, ಕೆಳಗಿನ ಮನೆಯ ಬರೆಯನ್ನು ತಳ್ಳುತ್ತದೆ. ಇಂಥ ಕಡೆ ನೀರನ್ನು ಹಿಡಿಯಬೇಕು, ಉಳಿದದ್ದನ್ನು ಪೈಪಿನಲ್ಲಿ ಮೆಲ್ಲಗೆ ಚರಂಡಿವರೆಗೆ ಕೈಹಿಡಿದು ಕರೆದುಕೊಂಡು ಹೋಗಬೇಕು.

ಎಷ್ಟು ಹಿಡಿಯಬಹುದು? 1,500 ಚದರ ಅಡಿ ಮಾಡಿನ ಮೇಲೆ ವರ್ಷಕ್ಕೆ ಬೀಳುವುದು 4 ಲಕ್ಷ ಲೀಟರಿಗೂ ಜಾಸ್ತಿ. ಕೇಳಲು ಚೆಂದ. ಆದರೆ 100 ಮಿಲಿಮೀಟರ್ ಬಿದ್ದ ಒಂದೇ ದಿನ 13 ಸಾವಿರ ಲೀಟರಿನ ಮೇಲೆ ಬರುತ್ತದೆ, ನಮ್ಮ 10 ಸಾವಿರ ಲೀಟರಿನ ತೊಟ್ಟಿ ಮಧ್ಯಾಹ್ನಕ್ಕೇ ತುಂಬಿ ಹೊರಗೆ. ಇನ್ನು ಬೇಸಿಗೆಗೆ ಅಂದರೆ, ದಿನಕ್ಕೆ 500 ಲೀಟರ್ ಬಳಸಿದರೂ 20 ದಿನಕ್ಕೆ ಮುಗಿಯಿತು. ಮಾರ್ಚಿನಲ್ಲಿ ನಲ್ಲಿ ನೀರೇ ಗತಿ. ಮಳೆಕೊಯ್ಲಿನಿಂದ ವರ್ಷವಿಡೀ ನೀರು ಅಂತ ಬೋರ್ಡು ಬರೆಸಲು ಹೊರಟಿದ್ದರು, ಬೇಡ ಅಂದೆ.

ಕಟ್ಟಿ ಮುಗಿದ ಮೇಲೆ

ಮೇ ಕೊನೆಗೆ ಮುಗಿಯಿತು. ಜೂನ್ ಮೊದಲ ವಾರ ಮಳೆ ಹಿಡಿಯಿತು. ಮೂರೇ ವಾರದಲ್ಲಿ ಕೆಳಗಿನ ರ‍್ಯಾಂಪ್ ಹಸಿರಾಯಿತು. ಪಾಚಿ. ಕಾಂಕ್ರೀಟಿಗೆ ಪೊರಕೆ ಎಳೆದು ಒರಟು ಮಾಡಿದ್ದೆವು, ಅದೆಲ್ಲ ಪಾಚಿಗೆ ಲೆಕ್ಕವೇ ಇಲ್ಲ. ಮೊದಲು ಜಾರಿದ್ದು ಗಾಲಿಕುರ್ಚಿ ಅಲ್ಲ, ಸಮಿತಿಯ ಅಧ್ಯಕ್ಷರು. ಪುಣ್ಯಕ್ಕೆ ಕೈಹಿಡಿ ಸಿಕ್ಕಿತು. ಮೇಲಿನ ರ‍್ಯಾಂಪ್ ಮಾಡಿನ ಕೆಳಗೆ ಇತ್ತು, ಅದಕ್ಕೆ ಏನೂ ಆಗಲಿಲ್ಲ. ಕೆಳಗಿನದ್ದು ಎರಡಡಿ ಹೊರಗೆ ಚಾಚಿತ್ತು, ಆ ಎರಡಡಿಯೇ ಕೈಕೊಟ್ಟಿತು. ನಕ್ಷೆಯಲ್ಲಿ ಅದು ನನ್ನದೇ ತಪ್ಪು. ಆಮೇಲೆ ಅಡ್ಡಕ್ಕೆ ಗೀರು ಕೊರೆಸಿ, ಮೇಲೆ ಒಂದು ಇಳಿಮಾಡು ಹಾಕಿಸಿದೆ. ನಮ್ಮೂರಲ್ಲಿ ಮಾಡಿಲ್ಲದ ರ‍್ಯಾಂಪ್ ಅಂದರೆ ಮಕ್ಕಳಾಡುವ ಜಾರುಬಂಡಿ.

ಶೌಚಾಲಯದ ಕಥೆ ಇನ್ನೂ ಉದ್ದ. ಮೇಲಿನ ರಸ್ತೆಗೇ ಬಾಗಿಲು ಇಟ್ಟಿದ್ದೆ, ಸಂತೆಯ ಹೆಂಗಸರಿಗೆ ಅಂತಲೇ. ಒಂದರ ಬಾಗಿಲು 900 ಮಿಲಿಮೀಟರ್ ಅಗಲ, ಒಳಗೆ ಗಾಲಿಕುರ್ಚಿ ತಿರುಗಲು ಐದಡಿ ಸುತ್ತು. ಉದ್ಘಾಟನೆಯಾಗಿ ನಾಲ್ಕನೇ ದಿನ ಅದಕ್ಕೆ ಬೀಗ ಬಿತ್ತು. 'ಗಲೀಜು ಮಾಡ್ತಾರೆ' ಅಂತ. ಬೀಗದ ಕೈ ಒಂದು ಅಂಗಡಿಯಲ್ಲಿ. ಸೊಪ್ಪು ಮಾರುವ ಹೆಂಗಸು ಅಂಗಡಿಯ ಗಂಡಸಿನ ಹತ್ತಿರ ಹೋಗಿ ಬೀಗದ ಕೈ ಕೇಳಬೇಕಂತೆ! ಕೇಳಲಿಲ್ಲ, ಮೊದಲಿನ ಹಾಗೇ ನೀರು ಕುಡಿಯದೆ ಕೂತರು. ಎರಡು ತಿಂಗಳು ವಾದ ನಡೆಯಿತು. ಕೊನೆಗೆ ಕಾಲೊನಿಯ ಪೌರಕಾರ್ಮಿಕ ಹೆಂಗಸರೊಬ್ಬರು ಸಭೆಯಲ್ಲಿ ಎದ್ದು, "ಗಲೀಜು ತೆಗೆಯೋರು ನಾವು. ಬೀಗ ಹಾಕೋರು ನೀವು ಯಾಕೆ? ನಮಗೆ ದುಡ್ಡು ಕೊಡಿ, ಬೀಗ ತೆಗೀರಿ" ಅಂದರು. ಹಾಲ್ ಬಾಡಿಗೆಯಲ್ಲಿ ಒಂದು ಪಾಲು ತೊಳೆಯುವವರ ಸಂಬಳಕ್ಕೆ ಅಂತ ಆಯಿತು. ಬೀಗ ಹೋಯಿತು. ಸಂಬಳ ತಿಂಗಳಿಗೆ ಸರಿಯಾಗಿ ಸಿಗುತ್ತದಾ ಅಂದರೆ, ಎರಡು ಸಲ ತಪ್ಪಿದೆ.

ಜಗಲಿಗೆ ಯಾರು ಬಂದರು? ಮೊದಲ ಎರಡು ತಿಂಗಳು ಗಂಡಸರು. ಸಂಜೆ ಐದರಿಂದ ಇಸ್ಪೀಟು. ಹಲಗೆ ತುಂಡು ತುಂಡು ಮಾಡಿದ್ದೆನಲ್ಲ, ಅವರು ಪ್ಲಾಸ್ಟಿಕ್ ಕುರ್ಚಿ ತಂದು ನಡುವೆ ಸೇರಿಸಿಕೊಂಡರು. ಹೆಂಗಸರು ಆ ಹೊತ್ತಿಗೆ ಅತ್ತ ಕಾಲಿಡುತ್ತಿರಲಿಲ್ಲ. ನಾನು ಬಹಳ ಬುದ್ಧಿ ಓಡಿಸಿ ಮಾಡಿದ ಕೂರುವ ವ್ಯವಸ್ಥೆ ನಾಲ್ಕು ಪ್ಲಾಸ್ಟಿಕ್ ಕುರ್ಚಿಗೆ ಸೋತಿತು.

ಬಟ್ಟೆ ಹಗ್ಗ

ಜುಲೈಯಲ್ಲಿ, ಕಕ್ಕಡ ಎಂಬ ಜೋರು ಮಳೆಯ ತಿಂಗಳು ಶುರುವಾಗುವ ಹೊತ್ತಿಗೆ, ಒಂದು ಬೆಳಿಗ್ಗೆ ಹೋದೆ. ಮೇಲಿನ ಹಾಲಿನ ಕಣಿವೆ ಕಡೆಯ ತುದಿಯಲ್ಲಿ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿದ್ದರು. ಮಕ್ಕಳ ಯೂನಿಫಾರ್ಮ್, ಸ್ವೆಟರ್, ಹೋಂಸ್ಟೇಯ ಬೆಡ್‌ಶೀಟು, ಒಂದು ಸಾಲು ಕಾಲುಚೀಲ. ಕೆಳಗೆ ನೆಲದ ಮೇಲೆ ಐದಾರು ಹೆಂಗಸರು ಕೂತು ಬೀನ್ಸ್ ಸೋಸುತ್ತಿದ್ದರು. ನನ್ನನ್ನು ನೋಡಿ ಗಾಬರಿಯಾಗಿ ಹಗ್ಗ ಬಿಚ್ಚಲು ಎದ್ದರು. ಸಮಿತಿಯವರು ಅದಾಗಲೇ ಎರಡು ಸಲ ಬೈದಿದ್ದರಂತೆ, 'ಹೊಸ ಬಿಲ್ಡಿಂಗ್ ಚೆಂದ ಕೆಡ್ತದೆ' ಅಂತ.

ನನಗೆ ನಾಚಿಕೆಯಾಯಿತು. ನಮ್ಮನೆಯಲ್ಲೂ ಮಳೆಗಾಲಕ್ಕೆ ಇದೇ ಪಾಡು. ಬಟ್ಟೆ ನಾಲ್ಕು ದಿನ ಒಣಗುವುದಿಲ್ಲ, ಕಪ್ಪು ಚುಕ್ಕೆ ಬೀಳುತ್ತದೆ, ಕೊನೆಗೆ ಒಲೆಯ ಮೇಲೆ ಹಿಡಿದು ಹೊಗೆ ವಾಸನೆಯ ಅಂಗಿ ಹಾಕಿಕೊಂಡು ಮಗು ಶಾಲೆಗೆ ಹೋಗುತ್ತದೆ. ಆ ಕಾಲೊನಿಯ ಮನೆಗಳು ಒಂದೂವರೆ ಕೋಣೆಯವು, ಒಳಗೆ ಹಗ್ಗ ಕಟ್ಟಿದರೆ ಮನುಷ್ಯರು ಬಗ್ಗಿ ಓಡಾಡಬೇಕು. ಇದು ನನಗೆ ಹುಟ್ಟಿದಾಗಿನಿಂದ ಗೊತ್ತಿರುವ ವಿಷಯ. ಆದರೂ ನಕ್ಷೆ ಬರೆಯುವಾಗ ನೆನಪಾಗಲಿಲ್ಲ. ಹಾಲ್, ಸ್ಟೇಜು, ಲೈಬ್ರರಿ ಅಂತ ಎಲ್ಲ ಯೋಚಿಸಿದೆ, ಬಟ್ಟೆ ಹಗ್ಗ ಯೋಚಿಸಲಿಲ್ಲ. ಕಾಲೇಜಿನಲ್ಲೂ ಯಾರೂ ಅದನ್ನು 'ಸಾಮಾಜಿಕ ಜಾಗ' ಅಂತ ಹೇಳಿಕೊಟ್ಟಿರಲಿಲ್ಲ.

ಹಗ್ಗ ಬಿಚ್ಚಬೇಡಿ ಅಂದೆ. ಆದರೆ ಅವರೇ ಹೇಳಿದರು, ಇಲ್ಲಿ ಹಾಕಿದರೂ ಪೂರ್ತಿ ಒಣಗುವುದಿಲ್ಲ, ಗಾಳಿಯೇ ಒದ್ದೆ. ಅಲ್ಲಿ ಗಾಳಿಗೆ ತೂತು ಬಿಟ್ಟು ಕಟ್ಟಿದ್ದ ಜಾಲಿಗೋಡೆ ಬೇಸಿಗೆಗೆ ಸರಿ, ಜುಲೈಗೆ ಅದರಿಂದ ಮಂಜೇ ಒಳಗೆ ಬರುತ್ತದೆ. ಒಣಗಲು ಬಿಸಿ ಬೇಕು.

ಮಾರನೇ ಬೇಸಿಗೆಯಲ್ಲಿ ಆ ತುದಿಯನ್ನು ಬದಲಾಯಿಸಿದೆವು. ಕೆಳಗಿನ ಕೋಣೆ ಅಡಿಗೆಮನೆ. ಅಲ್ಲಿ ಸೌದೆ ಒಲೆಯ ಮೇಲೆ ದೊಡ್ಡ ಬಿಸಿನೀರಿನ ಹಂಡೆ ಇದೆ. ಅದರ ಹೊಗೆಕೊಳವೆಯನ್ನು ನೇರ ಆಕಾಶಕ್ಕೆ ಬಿಡುವ ಬದಲು ಮೇಲಿನ ತುದಿಯ ಒಂದು ದಪ್ಪ ಮಣ್ಣಿನ ಗೋಡೆಯ ಒಳಗಿಂದ ಹಾಯಿಸಿ ಮಾಡಿನ ಮೇಲೆ ತೆಗೆದೆವು. ಬೆಳಿಗ್ಗೆ ಎರಡು ಗಂಟೆ ಹಂಡೆಗೆ ಬೆಂಕಿ ಹಾಕಿದರೆ ಗೋಡೆ ಮಧ್ಯಾಹ್ನದವರೆಗೂ ಬೆಚ್ಚಗಿರುತ್ತದೆ. ಸೌದೆಗೆ ತೋಟದಲ್ಲಿ ಕಾಫಿ ಗಿಡ ಸವರಿದಾಗ ಸಿಗುವ ಕಡ್ಡಿ. ಜಾಲಿಗೆ ತೆಗೆದು ಹಾಕುವ ಹಲಗೆ ಬಾಗಿಲು, ಮಾಡಿನಲ್ಲಿ ಹತ್ತು ಗಾಜಿನ ಹೆಂಚು. ಹಗ್ಗದ ಬದಲು ರಾಟೆ ಹಾಕಿ ಮೇಲೆ ಕೆಳಗೆ ಇಳಿಸುವ ಬಿದಿರಿನ ಗಳ. ಬೇಡವಾದಾಗ ಎಳೆದರೆ ಮಾಡಿಗೆ ಅಂಟಿಕೊಳ್ಳುತ್ತದೆ, ಕೆಳಗೆ ಸಭೆ ನಡೆಸಬಹುದು. ಗಳ ಇಳಿಸಿದಾಗ ಅದರ ಎತ್ತರ ಮೂರೂವರೆ ಅಡಿ. ಗಾಲಿಕುರ್ಚಿಯ ಹುಡುಗ ಈಗ ತನ್ನ ಅಮ್ಮನ ಬಟ್ಟೆ ತಾನೇ ಹರವುತ್ತಾನೆ. ಅವನಿಗೆ ಅದು ಇಷ್ಟದ ಕೆಲಸ ಅಂತೇನೂ ಅಲ್ಲ, ದಿನಾ ಗೊಣಗುತ್ತಾನೆ.

ಆ ಬೆಚ್ಚಗಿನ ಗೋಡೆಯಿಂದ ಎಲ್ಲ ಬದಲಾಯಿತು. ಗೋಡೆಗೆ ಬೆನ್ನು ಕೊಟ್ಟು ಕೂತ ಹೆಂಗಸರು ಮಧ್ಯಾಹ್ನ ಏಳಲೇ ಇಲ್ಲ. ಶಾಲೆಯಿಂದ ಬಂದ ಮಕ್ಕಳು ಅಲ್ಲೇ ಹೋಂವರ್ಕ್ ತೆಗೆದರು. ಇಸ್ಪೀಟಿನವರು ತಾವಾಗಿಯೇ ರಸ್ತೆ ಬದಿಯ ಹಲಗೆಗೆ ಸರಿದರು. ಅವರಿಗೆ ಯಾರೂ ಏಳಿ ಅನ್ನಲಿಲ್ಲ. ಮಕ್ಕಳ ಗಲಾಟೆಯಲ್ಲಿ ಎಲೆ ಹಾಕುವುದು ಕಷ್ಟ, ಅಷ್ಟೇ.

ಅಸ್ಸಾಂ ಹುಡುಗರು ಬಂದದ್ದು ಬೇರೆ ಕಾರಣಕ್ಕೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ಇಲ್ಲಿ ಮಾಮೂಲು. ಜಗಲಿಯ ಒಂದು ಕಂಬದಲ್ಲಿ ಬ್ಯಾಟರಿಗೆ ಜೋಡಿಸಿದ ಆರು ಮೊಬೈಲ್ ಚಾರ್ಜಿಂಗ್ ಪಾಯಿಂಟ್ ಇಟ್ಟಿದ್ದೆವು. ಭಾನುವಾರ ಸಂಜೆ ಊರಿಗೆ ವಿಡಿಯೋ ಕಾಲ್ ಮಾಡಲು ಬರುತ್ತಾರೆ. ಮೊದಲು ಚಾರ್ಜಿಗೆ ಹಾಕಿ ರಸ್ತೆಯಲ್ಲಿ ನಿಲ್ಲುತ್ತಿದ್ದರು. ಒಂದು ದಿನ ಅಜ್ಜಿಯೊಬ್ಬರು "ಕೂರಿ ಮಕ್ಕಳೇ, ಎಂಥ ನಿಂತದ್ದು?" ಅಂದರು. ಅವರಿಗೆ ಮಾತು ಅರ್ಥವಾಗಲಿಲ್ಲ, ಕೈ ಸನ್ನೆ ಆಯಿತು. ಕೂತರು. ಆದರೂ ಈಗಲೂ ಹಲಗೆಯ ತುದಿಗೇ ಕೂರುತ್ತಾರೆ. ನಡುವೆ ಕೂರುವುದನ್ನು ನಾನು ನೋಡಿಲ್ಲ.

ಆಗದೆ ಉಳಿದದ್ದು

ಎರಡನೇ ಮಳೆಗಾಲದಲ್ಲಿ ಪಕ್ಕದ ಓಣಿಯಲ್ಲಿ ಒಂದು ಬರೆ ಬಾಯಿಬಿಟ್ಟಿತು. ಮೂರು ಮನೆಯವರು ಎರಡು ರಾತ್ರಿ ಮೇಲಿನ ಹಾಲಿನಲ್ಲಿ ಮಲಗಿದರು. ಬಿಸಿನೀರು ಇತ್ತು, ಬೆಚ್ಚಗಿನ ಗೋಡೆ ಇತ್ತು, ಶೌಚಾಲಯ ತೆರೆದಿತ್ತು. ಆದರೆ ಅವರಲ್ಲಿ ಒಬ್ಬ ಬಾಣಂತಿ ಇದ್ದರು, ಮಗುವಿಗೆ ಹಾಲು ಕೊಡಲು ಮರೆ ಇರಲಿಲ್ಲ. ಗಳ ಇಳಿಸಿ ಬೆಡ್‌ಶೀಟು ಹಾಕಿ ಮರೆ ಮಾಡಿದರಂತೆ. ಒಂದು ಬಾಗಿಲಿರುವ ಸಣ್ಣ ಕೋಣೆ ಬೇಕಿತ್ತು. ಜಗಲಿ ಜಗಲಿ ಅಂತ ಹಟ ಮಾಡಿ ನಾನು ಕೋಣೆ ಕಡಿಮೆ ಮಾಡಿದ್ದೆ.

ಒಳಗಿನ 21 ಮೆಟ್ಟಿಲು ಹಾಗೇ ಇವೆ. ಗಾಲಿಕುರ್ಚಿಯ ಹುಡುಗ ಕೆಳಗಿನ ಅಡಿಗೆಮನೆಗೆ ಹೋಗಬೇಕಾದರೆ ಹೊರಗೆ ರಸ್ತೆ ಸುತ್ತಿಯೇ ಹೋಗಬೇಕು. ಆ ರಸ್ತೆ ನಾವು ಕಟ್ಟಿದ ಯಾವ ರ‍್ಯಾಂಪಿಗಿಂತಲೂ ಕಡಿದು. ಅಳೆದೆ, 8 ಅಡಿಗೆ ಒಂದಡಿ ಏರು. ಕಟ್ಟಡ ಎಷ್ಟೇ ಸರಿಯಾಗಿದ್ದರೂ ಅದರ ಬಾಗಿಲಿಗೆ ಬರುವ ದಾರಿ ಅವನಿಗೆ ಆಗುವುದಿಲ್ಲ. ಅವನು ಬರುವುದು ಆಟೋದಲ್ಲಿ ಅಥವಾ ಅಪ್ಪನ ಬೆನ್ನ ಮೇಲೆ. ರಸ್ತೆಯ ಚರಂಡಿ ಮೇಲಿನ ಕಲ್ಲುಚಪ್ಪಡಿ ಒಂದು ಕಡೆ ಮುರಿದಿದೆ, ಅದನ್ನು ಸರಿ ಮಾಡಿಸಲು ಒಂದು ಕಚೇರಿಗೆ ನಾಲ್ಕು ಸಲ ಅರ್ಜಿ ಕೊಟ್ಟಿದ್ದೇವೆ.

ರಸ್ತೆಯನ್ನು ಸಪಾಟು ಮಾಡಲು ನಮ್ಮಿಂದ ಆಗುವುದಿಲ್ಲ. ಒಂದು ಬದಿಗೆ ಉದ್ದಕ್ಕೂ ಕೈಹಿಡಿ ಹಾಕಬಹುದು, 30 ಅಡಿಗೊಂದು ಕಡೆ ನಿಂತು ಸುಧಾರಿಸಿಕೊಳ್ಳಲು ಒಂದು ಸಣ್ಣ ಕಟ್ಟೆ. ಕುರ್ಚಿಯ ಹುಡುಗನಿಗಿಂತ ಇದು ಅಜ್ಜಿಯಂದಿರಿಗೆ, ಗರ್ಭಿಣಿಯರಿಗೆ, ಗ್ಯಾಸ್ ಸಿಲಿಂಡರ್ ಹೊತ್ತು ಬರುವವರಿಗೆ. ಕಳೆದ ವಾರ ಟೇಪ್ ಹಿಡಿದು ಅಳೆದೆ. 140 ಅಡಿ. ವೆಲ್ಡರ್ ಬಂದು ನೋಡಿ ಒಪ್ಪಿಕೊಂಡಿದ್ದಾರೆ. ಶುಕ್ರವಾರ ಬಿಟ್ಟು ಯಾವ ದಿನ ಆದರೂ ಬರುತ್ತಾರಂತೆ, ಸಂತೆ ದಿನ ಅವರ ಹೆಂಡತಿ ಜಗಲಿಯಲ್ಲಿ ಸೊಪ್ಪು ಇಟ್ಟುಕೊಂಡು ಕೂರುತ್ತಾರೆ, ಕಿಡಿ ಹಾರಿದರೆ ಬೈಯುತ್ತಾರೆ ಅಂದರು.